ಹೊಗೆಯಿಲ್ಲದ ಬೆಂಕಿ
(ಬಾನುಲಿ ಭಾಷಣ)



ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವರಿಗೆಲ್ಲ ಒಂದು ಬೆಟ್ಟದ ಪರಿಚಯ ಇದ್ದೇ ಇರುತ್ತದೆ. ಆ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆ ಕಂಡದ್ದರಿಂದ ಅಲ್ಲಿ ಬೆಂಕಿ ಉಂಟೆಂದು ಊಹಿಸಬೇಕು. ಅಡುಗೆಮನೆ ಅದಕ್ಕೆ ದೃಷ್ಟಾಂತ. ಶತಮಾನಗಳಿಂದ ನಮ್ಮ ನೈಯಾಯಿಕರು ಈ ಬೆಟ್ಟವನ್ನು ಆರಲು ಬಿಟ್ಟಿಲ್ಲ. ಆದರೆ ಅದೇ ನೈಯಾಯಿಕರು ಮತ್ತೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿ ಇದೆ ಎಂದ ಮಾತ್ರಕ್ಕೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂದು ತಿಳಿಯಬಾರದು. ಕೆಂಪಗೆ ಕಾದ ಕಬ್ಬಿಣದ ಗುಂಡು ಅದಕ್ಕೆ ಅವರು ಕೊಡುವ ಉದಾಹರಣೆ. ಅಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಮೂವತ್ತು ವರ್ಷಕ್ಕೂ ಮೀರಿ ತರಗತಿಗಳಲ್ಲಿ ಕನ್ನಡ ಕಾವ್ಯವನ್ನು ಪಾಠ ಹೇಳಿದ ನಾನು, ಸಂದರ್ಭ ಬಂದಾಗಲೆಲ್ಲ ಈ ಕಬ್ಬಿಣದ ಗುಂಡನ್ನು ವಿದ್ಯಾರ್ಥಿಗಳ ಮುಂದೆ ಉರುಳಿಸಿದ್ದೇನೆ. ಅದು ನನ್ನ ಮನೆಯ ಮಹಡಿಯ ಬಚ್ಚಲ ಗೋಡೆಯಲ್ಲಿಯೇ ನೇತಾಡುತ್ತಿದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಅದನ್ನು ತಿಳಿಸಿಕೊಟ್ಟವನು ಗುಬ್ಬಿಯ ಕಡೆಯ ಒಬ್ಬ ತರುಣ ಮೆಕ್ಯಾನಿಕ್.

ನಾನು ಹುಟ್ಟಿ ಬೆಳೆದದ್ದು ಕುಣಿಗಲ್ ತಾಲ್ಲೂಕಿನ ಹಳ್ಳಿಯಲ್ಲಿ. ನಮ್ಮ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ಹೂತಿಟ್ಟ ಒಂದು ತಾಮ್ರದ ಹಂಡೆ ಇತ್ತು. ತೆಂಗಿನ ಗರಿ, ಮಟ್ಟೆ, ಚಿಪ್ಪು, ಹೊಲದ ತೊಗರಿಕಡ್ಡಿ ಇವೇ ಅದರ ಆಹಾರ. ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ಹಬ್ಬದ ಸಂಜೆ, ನಮ್ಮ ಅವ್ವ ಹುಣಿಸೆಹಣ್ಣಿನಿಂದ ಆ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಕಟ್ಟಿ, ಬಾವಿಯಿಂದ ಸೇದಿದ ಹೊಸ ನೀರನ್ನು ತುಂಬುತ್ತಿದ್ದಳು. ಮರುದಿನ ಬೆಳಗಿನ ಜಾವದ ಎಣ್ಣೆನೀರಿಗೆ ಅದು ಸಿದ್ಧವಾಗುತ್ತಿತ್ತು. ಆ ಬಚ್ಚಲಿಗೆ ಕದವಿದ್ದದ್ದು ಹೆಸರಿಗೆ. ನಾಡಹೆಂಚಿನ ಮಾಡಿನ ಸಂದುಗಳಿಂದ ಆಕಾಶ ಕಾಣಿಸುತ್ತಿತ್ತು. ಹೊಗೆ ಕಣ್ಣಿಗೆ ನುಗ್ಗುತ್ತಿತ್ತು, ಮೂಗಿಗೆ ಅಡರುತ್ತಿತ್ತು, ಕೆಮ್ಮಿಸುತ್ತಿತ್ತು. ತಾಳಲಾರದವನು ಹೊರಗೆ ಓಡಿಬರುತ್ತಿದ್ದನು. ಹಾಗೆಂದು ಆ ಕಾಲವನ್ನು ನಾನು ಹಾಡಿ ಹೊಗಳಲಾರೆ. ಅವ್ವನ ಕಣ್ಣುಗಳನ್ನು ಕೆಂಪಾಗಿಸಿದ್ದು, ಮುಪ್ಪಿನಲ್ಲಿ ಅವಳ ಎದೆಯಲ್ಲಿ ಗೊರಗೊರ ಸದ್ದಾಗಿ ಉಳಿದದ್ದು ಆ ಹೊಗೆಯೇ. ನಾನು ಹೇಳುವುದು ಇಷ್ಟೆ: ಆ ಬೆಂಕಿ ತನ್ನ ಕೇಡನ್ನು ಬಚ್ಚಿಡುತ್ತಿರಲಿಲ್ಲ.

ತುಮಕೂರಿನಲ್ಲಿ ನಾನು ಮನೆ ಕಟ್ಟಿಸಿದಾಗ ಹಂಡೆಗೆ ಜಾಗವಿರಲಿಲ್ಲ. ಮಹಡಿಯ ಮೇಲೆ ಬಾಡಿಗೆಗೆಂದು ಕಟ್ಟಿಸಿದ ಚಿಕ್ಕ ಮನೆಯ ಬಚ್ಚಲಲ್ಲಿ ಗ್ಯಾಸ್ ಗೀಸರನ್ನು ಹಾಕಿಸಿದೆ. ವಿದ್ಯುತ್ ಗೀಸರಿಗಿಂತ ಅದು ಅಗ್ಗ. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ಗೀಸರ್ ಎಂಬ ಹೆಸರೂ ಸೊಗಸಾದದ್ದೇ. ಐಸ್‌ಲ್ಯಾಂಡ್ ದ್ವೀಪದಲ್ಲಿ ನೆಲದಿಂದ ಚಿಮ್ಮುವ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆಯೊಂದಿದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮೌಘನ್ ಎಂಬಾತ ಅನಿಲದ ಉರಿಯಿಂದ ತಕ್ಷಣ ನೀರು ಕಾಯಿಸುವ ಯಂತ್ರವನ್ನು ರಚಿಸಿ ಅದಕ್ಕೆ ಆ ಬುಗ್ಗೆಯ ಹೆಸರನ್ನೇ ಇಟ್ಟನು. ಬುಗ್ಗೆ ಇರುವುದು ಬಯಲಿನಲ್ಲಿ. ನಾವು ಅದನ್ನು ತಂದು ಕೂಡಿಹಾಕಿದ್ದು ಐದಡಿ ಆರಡಿಯ ಬಚ್ಚಲಲ್ಲಿ.

ಆ ಬಚ್ಚಲಿಗೆ ಮೇಲುಗಡೆ ಒಂದು ಬೆಳಕಿಂಡಿ ಇತ್ತು, ಗಾಜಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ್ದು. ಪಕ್ಕದಲ್ಲಿಯೇ ಮಳೆನೀರಿನ ಕಾಲುವೆ, ಸೊಳ್ಳೆಗಳ ಕಾಟ. ಡೆಂಗೆ ಜ್ವರದ ಭಯ ಹರಡಿದ್ದ ಒಂದು ವರ್ಷ ಬಾಡಿಗೆಯವರ ಹಿತಕ್ಕೆಂದೇ ನಾನು ಆ ಪಟ್ಟಿಗಳನ್ನು ತೆಗೆಸಿ ಒಂದೇ ಗಾಜನ್ನು ಕೂರಿಸಿ ಸುತ್ತಲೂ ಬಿಗಿಯಾಗಿ ಮೆತ್ತಿಸಿದೆ. ಒಳ್ಳೆಯದನ್ನು ಮಾಡಿದೆನೆಂಬ ತೃಪ್ತಿಯೂ ನನಗಿತ್ತು. ಈ ಕಥೆಯಲ್ಲಿ ತಪ್ಪಿತಸ್ಥ ಯಾರೆಂದು ನೀವು ಹುಡುಕುವುದಾದರೆ ಇಲ್ಲಿಂದಲೇ ಪ್ರಾರಂಭಿಸಬಹುದು.

ಆ ಮನೆಯಲ್ಲಿ ಈಗ ಇರುವವರು ಒಂದು ಸಣ್ಣ ಸಂಸಾರ. ಗಂಡನಿಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೆಂಡತಿ, ಏಳು ವರ್ಷದ ಮಗಳು. ಆ ಹೆಣ್ಣುಮಗಳು ಎರಡು ಮೂರು ಬಾರಿ ನನ್ನ ಹೆಂಡತಿಯೊಡನೆ, "ಸ್ನಾನ ಮಾಡಿ ಬಂದ್ರೆ ತಲೆನೋವು ಬರತ್ತೆ ಆಂಟಿ, ಒಂದೊಂದ್ಸಲ ಹೊಟ್ಟೆ ತೊಳಸಿದ ಹಾಗಾಗತ್ತೆ" ಎಂದಿದ್ದಳು. ನನ್ನ ಕಿವಿಗೂ ಬಿದ್ದಿತ್ತು. "ಒದ್ದೆ ತಲೆಯಲ್ಲಿ ಓಡಾಡಬೇಡಮ್ಮ" ಎಂದು ಹಿರಿಯನಾಗಿ ಉಪದೇಶ ಮಾಡಿದ್ದೆ. ಮನೆಯ ಒಡೆಯನಾಗಿ ಒಮ್ಮೆ ಮೇಲೆ ಹತ್ತಿ ಹೋಗಿ ನೋಡಿರಲಿಲ್ಲ.

2025ರ ದೀಪಾವಳಿಗೆ ಎರಡು ದಿನ ಮುಂಚೆ ಗೀಸರ್ ಹೊತ್ತಿಕೊಳ್ಳಲು ತಡಮಾಡುತ್ತಿದೆ ಎಂದು ಅವರು ದೂರಿದರು. ನಾನು ಗುಬ್ಬಿಯ ಆ ಹುಡುಗನನ್ನು ಕರೆಸಿದೆ. ಅವನು ಯಂತ್ರವನ್ನು ನೋಡುವುದಕ್ಕೆ ಮುಂಚೆ ಬಚ್ಚಲನ್ನು ನೋಡಿದ. ಮೇಲಿನ ಗಾಜನ್ನು ನೋಡಿದ, ಬಾಗಿಲಿನ ಕೆಳಗಿನ ಸಂದನ್ನು ನೋಡಿದ. ಮುಚ್ಚಳ ಬಿಚ್ಚಿ ಒಳಗೆ ಕಟ್ಟಿದ್ದ ಕಪ್ಪು ಮಸಿಯನ್ನು ಬೆರಳಿನಿಂದ ಒರಸಿ ನನಗೆ ತೋರಿಸಿದ. ನಂತರ ಹೊರಗಿದ್ದ ಸಿಲಿಂಡರಿನಿಂದ ರೆಗ್ಯುಲೇಟರನ್ನು ಕಳಚಿಟ್ಟು, ಆ ಹೆಣ್ಣುಮಗಳಿಂದ ಒಂದು ಊದುಬತ್ತಿ ಕೇಳಿ, ಬಚ್ಚಲಲ್ಲಿ ಅದನ್ನು ಹಚ್ಚಿ ಬಾಗಿಲು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ತೆರೆದು, "ನೋಡಿ ಸಾರ್" ಎಂದ. ಹೊಗೆ ಎಲ್ಲಿಗೂ ಹೋಗಿರಲಿಲ್ಲ. ಸೂರಿನ ಕೆಳಗೆ ಪದರ ಪದರವಾಗಿ ನಿಂತಿತ್ತು.

"ಇದು ಊದುಬತ್ತಿ ಹೊಗೆ, ಕಣ್ಣಿಗೆ ಕಾಣತ್ತೆ. ಗೀಸರಿನದು ಕಾಣಲ್ಲ. ಇದನ್ನ ನಾನು ರಿಪೇರಿ ಮಾಡಿಕೊಡಲ್ಲ ಸಾರ್. ಇಲ್ಲಿಂದ ತೆಗೆಸಿ."

"ಐದು ವರ್ಷದಿಂದ ಏನೂ ಆಗಿಲ್ಲವಲ್ಲಪ್ಪ?" ಎಂದೆ.

"ಆಗಿಲ್ಲ ಅನ್ನೋದು ಮಿಷನ್ನಿನ ಗುಣ ಅಲ್ಲ ಸಾರ್, ನಿಮ್ಮ ಪುಣ್ಯ" ಎಂದ.

ಬಂದ ಖರ್ಚನ್ನು ತೆಗೆದುಕೊಳ್ಳಲೂ ಒಪ್ಪದೆ ಅವನು ಹೊರಟುಹೋದ. ನನಗೆ ಸಂಕೋಚವಾಯಿತು, ಕೋಪವೂ ಬಂದಿತು. ಹಬ್ಬದ ಎರಡು ದಿನ ಕೆಳಗಿನ ನಮ್ಮ ಮನೆಯಿಂದಲೇ ಅವರು ಬಿಸಿನೀರು ಹೊತ್ತರು. ಬಕೆಟ್ಟು ಹಿಡಿದು ಮೆಟ್ಟಿಲು ಹತ್ತುವ ಆ ಹೆಣ್ಣುಮಗಳನ್ನು ಕಂಡಾಗಲೆಲ್ಲ ನನ್ನ ಕೋಪ ಆ ಹುಡುಗನ ಮೇಲೆಯೇ ಹೆಚ್ಚುತ್ತಿತ್ತು. ಕೊನೆಗೆ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಇನ್ನೊಬ್ಬ ಮೆಕ್ಯಾನಿಕ್ಕನನ್ನು ಕರೆಸಿದೆ. ಅವನು ಬ್ಯಾಟರಿ ಬದಲಾಯಿಸಿ, ಮಸಿ ಕೊಡವಿ, ರೆಗ್ಯುಲೇಟರ್ ಕೂರಿಸಿ, "ಏನೂ ಆಗಲ್ಲ ಸಾರ್, ಬೇಕಾದ್ರೆ ಬಾಗಿಲು ಸ್ವಲ್ಪ ಓರೆ ಮಾಡ್ಕೊಳ್ಳಲಿ" ಎಂದು ಹೇಳಿ ಹಣ ತೆಗೆದುಕೊಂಡು ಹೋದ. ಎರಡು ತೀರ್ಪುಗಳಲ್ಲಿ ನನಗೆ ಹಿತವಾದದ್ದನ್ನು ನಾನು ಸತ್ಯವೆಂದು ಸ್ವೀಕರಿಸಿದೆ. ಅಗ್ಗದ ಸತ್ಯಕ್ಕೆ ಗಿರಾಕಿಗಳು ಬೇಗ ಸಿಕ್ಕುತ್ತಾರೆ.

ಅದೇ ವಾರ ಪತ್ರಿಕೆಯಲ್ಲಿ ಒಂದು ಸುದ್ದಿ ಬಂದಿತು. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆಂದು ಹೋದ ಇಬ್ಬರು ಸೋದರಿಯರು ಜೀವಂತವಾಗಿ ಹೊರಗೆ ಬಂದಿರಲಿಲ್ಲ. ಬಚ್ಚಲಲ್ಲಿದ್ದದ್ದು ಗ್ಯಾಸ್ ಗೀಸರ್. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಉತ್ತರದ ಅಂಚಿನಲ್ಲಿ ಒಬ್ಬ ತರುಣ, ಒಬ್ಬ ತರುಣಿ ಇದೇ ರೀತಿ ತೀರಿಕೊಂಡದ್ದನ್ನು ಓದಿದ ನೆನಪೂ ಜೊತೆಯಲ್ಲಿಯೇ ಬಂದಿತು. ಪತ್ರಿಕೆಯನ್ನು ಅಲ್ಲಿಯೇ ಬಿಟ್ಟು ಮೇಲೆ ಹೋದೆ. ಬಚ್ಚಲಿನ ಬಾಗಿಲು ಮುಚ್ಚಿತ್ತು. ಒಳಗೆ ನೀರು ಬೀಳುವ ಸದ್ದು. "ಮಗು ಸ್ನಾನಕ್ಕೆ ಹೋಗಿದೆ ಅಂಕಲ್" ಎಂದಳು ತಾಯಿ. ನಾನು ಬಾಗಿಲು ಬಡಿದೆ, ಉತ್ತರ ಬರಲಿಲ್ಲ. ಮತ್ತೆ ಬಡಿದೆ. ನೀರಿನ ಸದ್ದು ನಿಲ್ಲಲಿಲ್ಲ. ಮೂರನೆಯ ಸಲ ನನ್ನ ಕೂಗು ಬೀದಿಗೂ ಕೇಳಿಸಿರಬೇಕು. ಚಿಲಕ ಸರಿಯಿತು, ತಲೆಯ ತುಂಬ ಸೋಪಿನ ನೊರೆ, ಟವಲು ಸುತ್ತಿಕೊಂಡ ಮಗು ಇಣುಕಿ, "ಯಾಕೆ ತಾತ?" ಎಂದಿತು.

ಮಿತ್ರರೆ, ಏನೂ ಆಗಿರಲಿಲ್ಲ. ಆದರೆ ಆ ಮೂರು ಬಡಿತಗಳ ನಡುವಿನ ಕಾಲವನ್ನು ನಾನು ಮರೆಯಲಾರೆ. "ಯಾಕೆ" ಎಂಬ ಮಗುವಿನ ಪ್ರಶ್ನೆಗೆ ಅಂದು ಉತ್ತರ ಹೇಳಲಾಗಲಿಲ್ಲ; ಆಮೇಲೆ ಓದಿ, ವೈದ್ಯ ಮಿತ್ರರನ್ನು ಕೇಳಿ ತಿಳಿದದ್ದನ್ನು ಈಗ ಹೇಳುತ್ತೇನೆ.

ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯುಟೇನ್ ಎಂಬ ಅನಿಲಗಳ ದ್ರವರೂಪದ ಮಿಶ್ರಣ. ಒಂದು ಪಾಲು ಪ್ರೊಪೇನ್ ಚೆನ್ನಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಬ್ಯುಟೇನಿಗೆ ಸುಮಾರು 31 ಪಾಲು. ಅಷ್ಟು ಗಾಳಿ ದೊರೆತರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಮುಚ್ಚಿದ ಬಚ್ಚಲಲ್ಲಿ ಉರಿಯೂ ಮನುಷ್ಯನೂ ಒಂದೇ ಗಾಳಿಯನ್ನು ಹಂಚಿಕೊಳ್ಳಬೇಕು. ಪ್ರಾಣವಾಯು ಕಡಿಮೆಯಾದಂತೆ ಉರಿ ಅರೆಬರೆಯಾಗುತ್ತದೆ. ಆಗ ಹುಟ್ಟುವುದು ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ; ಅದು ಕೆಮ್ಮಿಸುವುದಿಲ್ಲ, ಕಣ್ಣುರಿಸುವುದಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಗ್ಯಾಸ್ ಸೋರಿದರೆ ವಾಸನೆ ಬರುವುದಿಲ್ಲವೆ, ನಮ್ಮ ಮೂಗು ಇಲ್ಲವೆ ಎಂದು ನಾವೆಲ್ಲ ಧೈರ್ಯವಾಗಿದ್ದೇವೆ. ಆ ವಾಸನೆ ಅನಿಲದ ಸಹಜ ಗುಣವಲ್ಲ. ಸೋರಿಕೆ ತಿಳಿಯಲೆಂದು ಅದರಲ್ಲಿ ಬೆರೆಸಿರುವ ಮರ್‌ಕ್ಯಾಪ್ಟನ್ ಎಂಬ ವಸ್ತುವಿನದು. ಅನಿಲ ಉರಿದಾಗ ಆ ವಸ್ತುವೂ ಉರಿದುಹೋಗುತ್ತದೆ. ಆದ್ದರಿಂದ ಸೋರದ, ಸರಿಯಾಗಿಯೇ ಹೊತ್ತಿಕೊಂಡ ಗೀಸರು ಕೂಡ ಗಾಳಿಯಾಡದ ಬಚ್ಚಲಲ್ಲಿ ಕೊಲ್ಲಬಲ್ಲುದು. ಮೂಗು ಇದಕ್ಕೆ ಸಾಕ್ಷಿಯಾಗಲಾರದು.

ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ಹಿಮೊಗ್ಲೋಬಿನ್. ಈ ವಿಷಾನಿಲಕ್ಕೆ ಅದು ಅಂಟಿಕೊಳ್ಳುವ ಬಲ, ಪ್ರಾಣವಾಯುವಿಗೆ ಅಂಟಿಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಫ್ರಾನ್ಸಿನ ಕ್ಲೋದ್ ಬೆರ್ನಾರ್ 1850ರ ದಶಕದಲ್ಲಿಯೇ ಈ ರಹಸ್ಯವನ್ನು ಕಂಡುಕೊಂಡನು. ಪಲ್ಲಕ್ಕಿ ಹೊರುವವರೆಲ್ಲ ಅನ್ಯನೊಬ್ಬನನ್ನು ಹೊತ್ತುಕೊಂಡು ಹೋದರೆ ದೇವರು ಗುಡಿಯಲ್ಲಿಯೇ ಉಳಿಯುವಂತೆ, ಉಸಿರಾಡುತ್ತಿದ್ದರೂ ಮಿದುಳಿಗೆ ಉಸಿರು ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ; ಬಳಿಕ ಕೈಕಾಲಿನ ಬಲ ಕುಂದುತ್ತದೆ, ಬುದ್ಧಿ ಮಂಕಾಗುತ್ತದೆ. ಅಪಾಯವೆಂದು ಅರಿವಾಗುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುವುದುಂಟು. ನಮ್ಮ ದೇಶದ ವೈದ್ಯರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ನಾನು ಒದ್ದೆ ತಲೆಯ ಶೀತವೆಂದು ತಳ್ಳಿಹಾಕಿದ ಆ ತಲೆನೋವು, ಬಹುಶಃ ಬಾಗಿಲು ತಟ್ಟಿ ಹೇಳಿದ ಮೊದಲನೆಯ ಮಾತಾಗಿತ್ತು.

ಸಾಹಿತ್ಯವನ್ನು ಬಲ್ಲ ನಿಮಗೆ ಎಮಿಲ್ ಜೋಲಾನ ಹೆಸರು ಹೊಸದಲ್ಲ. ಡ್ರೈಫಸ್ ಎಂಬ ನಿರಪರಾಧಿ ಸೇನಾಧಿಕಾರಿಯ ಪರವಾಗಿ 1898ರಲ್ಲಿ ತನ್ನ ಸರ್ಕಾರವನ್ನೇ ಎದುರಿಸಿ ನಿಂತ ಧೀರ ಲೇಖಕ ಅವನು. ರಾಜದ್ರೋಹಿಯೆಂದು ಕೂಗಿದವರು, ಜೈಲುಶಿಕ್ಷೆ, ದೇಶಾಂತರ ಯಾವುದಕ್ಕೂ ಬಗ್ಗದ ಆ ಜೀವವನ್ನು 1902ರ ಸೆಪ್ಟೆಂಬರ್ 29ರಂದು ಪ್ಯಾರಿಸ್ಸಿನ ಅವನ ಮನೆಯ ಮಲಗುವ ಕೋಣೆಯಲ್ಲಿ ತೆಗೆದುಕೊಂಡದ್ದು ಈ ವಿಷಾನಿಲವೇ. ಬೆಂಕಿಗೂಡಿನ ಹೊಗೆಕೊಳವೆ ಕಟ್ಟಿಕೊಂಡಿತ್ತು. ಬೇಕೆಂದೇ ಯಾರೋ ಅದನ್ನು ಮುಚ್ಚಿದರೆಂಬ ಸಂಶಯ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಅವನ ಹೆಂಡತಿ ಬದುಕಿಕೊಂಡಳು. ಅಲ್ಲಿ ಕೊಳವೆಯನ್ನು ಯಾರು ಮುಚ್ಚಿದರೋ; ನನ್ನ ಮನೆಯಲ್ಲಿ ಬೆಳಕಿಂಡಿಯನ್ನು ಮುಚ್ಚಿದವನು ನಾನೇ.

ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಅಲ್ಲಿ ಮನೆಯನ್ನು ಬೆಚ್ಚಗಿಡುವುದೂ ನೀರು ಕಾಯಿಸುವುದೂ ಒಂದೇ ಗ್ಯಾಸ್ ಬಾಯ್ಲರ್. ಒಂದು ಚಳಿಗಾಲ ಅವಳ ಮನೆಯ ಬಾಯ್ಲರನ್ನು ಪರೀಕ್ಷಿಸಲು ಬಂದ ಇಂಜಿನಿಯರ್ ಅದು ಅಪಾಯಕಾರಿ ಎಂದು ಹೇಳಿ, ಅನುಮತಿ ಪಡೆದು ಅನಿಲವನ್ನು ನಿಲ್ಲಿಸಿ, ಉಪಯೋಗಿಸಕೂಡದೆಂದು ಚೀಟಿ ಅಂಟಿಸಿ, ಬರಹದಲ್ಲಿ ತಿಳಿಸಿ ಹೋದನಂತೆ. ಆ ದೇಶದಲ್ಲಿ ಈ ಕೆಲಸವನ್ನು ನೋಂದಾಯಿತನಾದವನೇ ಮಾಡಬೇಕು. ದೋಷಗಳಲ್ಲಿ ಈ ಕ್ಷಣದಲ್ಲಿಯೇ ಅಪಾಯ ತರುವಂಥದು, ಮುಂದೆ ಅಪಾಯ ತರಬಹುದಾದದ್ದು ಎಂದು ಎರಡು ತರಗತಿಗಳಿವೆ. ಬಾಡಿಗೆಗೆ ಕೊಟ್ಟ ಮನೆಯ ಅನಿಲ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಆ ಪತ್ರದ ಪ್ರತಿಯನ್ನು ಬಾಡಿಗೆದಾರನಿಗೆ ಕೊಡುವುದು ಮನೆಯ ಒಡೆಯನ ಕರ್ತವ್ಯವೆಂದು ಅವರ 1998ರ ನಿಯಮಗಳು ವಿಧಿಸುತ್ತವೆ. ಹತ್ತು ದಿನ ಅವಳು ಕೆಟಲಿನಲ್ಲಿ ನೀರು ಕಾಯಿಸಿಕೊಂಡು, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕಳೆದಳು. "ಬೈಕೊಂಡೆ ಮಾವ, ಆದರೆ ಇನ್ನೊಬ್ಬನನ್ನು ಕರೆಸೋಣ ಅಂತ ತೋಚಲಿಲ್ಲ" ಎಂದಳು. ಅಲ್ಲಿ ಚೀಟಿ ಮಾತಾಡುತ್ತದೆ. ನನ್ನ ಮನೆಯಲ್ಲಿ ಆ ಗುಬ್ಬಿಯ ಹುಡುಗನ ಬಾಯಿಮಾತೊಂದೇ ಇತ್ತು, ಅದನ್ನು ಕೇಳುವುದೂ ಬಿಡುವುದೂ ನನ್ನ ಕೈಯಲ್ಲಿತ್ತು. ಹಾಗಿರುವಾಗ ನಮ್ಮ ಮನಸ್ಸಾಕ್ಷಿಯೇ ಆ ಚೀಟಿಯಾಗಬೇಕಾಗುತ್ತದೆ.

ನಮ್ಮಲ್ಲಿಯೂ ವ್ಯವಸ್ಥೆ ಇಲ್ಲವೆಂದಲ್ಲ. ಅಡುಗೆ ಅನಿಲದ ವಿತರಕರು ಐದು ವರ್ಷಕ್ಕೊಮ್ಮೆ ಒಲೆ, ರಬ್ಬರ್ ಕೊಳವೆ, ರೆಗ್ಯುಲೇಟರುಗಳನ್ನು ಕಡ್ಡಾಯವಾಗಿ ಪರೀಕ್ಷಿಸುವ ಕ್ರಮವಿದೆ. ಇಂಥ ಸಣ್ಣ ಗೀಸರುಗಳಿಗೆ ಐಎಸ್ 15558 ಎಂಬ ಭಾರತೀಯ ಮಾನಕವಿದೆ. ಸೋರಿಕೆಯ ಆಪತ್ತಿಗೆ ಹಗಲೂ ರಾತ್ರಿಯೂ 1906 ಎಂಬ ದೂರವಾಣಿ ಸಂಖ್ಯೆ ಇದೆ. ಪರೀಕ್ಷೆಗೆ ಬಂದವನನ್ನು "ಈಗ ಪುರುಸೊತ್ತಿಲ್ಲ, ಸಹಿ ಹಾಕಿಸಿಕೊಂಡು ಹೋಗಪ್ಪ" ಎಂದು ಬಾಗಿಲಿನಿಂದಲೇ ಕಳುಹಿಸುವವರು ನಾವು.

ನಿಮ್ಮ ಮನೆಯ ಗೀಸರನ್ನು ಯಾರಾದರೂ ಅಪಾಯಕಾರಿ ಎಂದು ಹೇಳಿದರೆ ಏನು ಮಾಡಬೇಕು? ಮೊದಲನೆಯದಾಗಿ, ಆ ಕ್ಷಣವೇ ನಿಲ್ಲಿಸಬೇಕು. ಹಬ್ಬ ಮುಗಿಯಲಿ, ತಿಂಗಳು ಕಳೆಯಲಿ ಎನ್ನಬಾರದು. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಕಳಚಿ, ಮನೆಯವರೆಲ್ಲರಿಗೂ ತಿಳಿಸಬೇಕು. ಎರಡನೆಯದಾಗಿ, ಕಾರಣವನ್ನು ಕೇಳಬೇಕು. ದೋಷ ಯಂತ್ರದ್ದೆ, ಕೊಳವೆಯದೆ, ಅಥವಾ ಯಂತ್ರವಿರುವ ಸ್ಥಳದ್ದೆ? ಸ್ಥಳದ ದೋಷವನ್ನು ಬ್ಯಾಟರಿ ಬದಲಾಯಿಸಿ ಸರಿಪಡಿಸಲಾಗದು. ಉರಿಯುವ ಯಂತ್ರ ಬಚ್ಚಲಿನ ಹೊರಗೆ, ಗಾಳಿ ಧಾರಾಳವಾಗಿ ಆಡುವ ಕಡೆ ಇರಬೇಕು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಬೇಕು. ಮೂರನೆಯದಾಗಿ, ಸ್ನಾನಕ್ಕೆ ಹೋದವರು ಕುಸಿದುಬಿದ್ದರೆ, ಬಾಗಿಲು ತೆರೆದು ಅನಿಲ ನಿಲ್ಲಿಸಿ ಅವರನ್ನು ಬಯಲಿಗೆ ತರಬೇಕು. ಎಚ್ಚರಗೊಂಡರೂ ಆಸ್ಪತ್ರೆಗೆ ಕರೆದೊಯ್ದು, ಗ್ಯಾಸ್ ಗೀಸರಿದ್ದ ಬಚ್ಚಲೆಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು, ಒಂದೂವರೆ ಗಂಟೆ ಸಾಕು. ಇನ್ನು ವಾಸನೆಯೇ ಬಂದರೆ ಅದು ಸೋರಿಕೆ. ಆಗ ಕಡ್ಡಿ ಗೀರಬಾರದು, ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದದ್ದು, ನೆಲದ ಮೇಲೆಯೇ ಹರಿದಾಡುತ್ತದೆ. ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಬಂದು ಸಹಾಯಕ್ಕೆ ಕರೆಯಬೇಕು.

ನನ್ನ ಮನೆಯಲ್ಲಿ ಮುಂದೆ ನಡೆದದ್ದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅಂದೇ ಗೀಸರನ್ನು ಕಳಚಿಸಿದೆ. ಇಂಥ ವಸ್ತುವನ್ನು ಹಳೆಯ ಸಾಮಾನಿನವನಿಗೆ ಹಾಗೆಯೇ ಮಾರಿದರೆ ಅದು ಮತ್ತೊಬ್ಬರ ಬಚ್ಚಲು ಸೇರಬಹುದೆಂದು ಬಿಚ್ಚಿ, ಜಜ್ಜಿಸಿ ಕೊಟ್ಟೆ. ಸದ್ಯಕ್ಕೆ ವಿದ್ಯುತ್ ಗೀಸರ್ ಬಂದಿತು. ಆಮೇಲೆ ಮಾಳಿಗೆಯ ಮೇಲೆ ಸೌರ ಜಲತಾಪಕವನ್ನು ಹಾಕಿಸಿದೆ. ಪಾವಗಡದಲ್ಲಿ 2050 ಮೆಗಾವ್ಯಾಟ್ ವಿದ್ಯುತ್ತನ್ನು ಬಿಸಿಲಿನಿಂದ ತೆಗೆಯುವ ಜಿಲ್ಲೆ ನಮ್ಮದು. ಎರಡು ಬಕೆಟ್ ನೀರು ಕಾಯಿಸಲು ಆ ಸೂರ್ಯನನ್ನು ಕೇಳಲು ನಾನು ಇಷ್ಟು ತಡಮಾಡಿದೆ. ಬಾಡಿಗೆಯನ್ನು ಹೆಚ್ಚಿಸಲಿಲ್ಲ, ಅದು ಔದಾರ್ಯವಲ್ಲ, ಸಾಲ ತೀರಿಸಿದ್ದು. ಬೆಳಕಿಂಡಿಯ ಗಾಜನ್ನು ಒಡೆಸಿ ಸೊಳ್ಳೆಪರದೆಯ ಬಲೆ ಹಾಕಿಸಿದೆ. ಅದು ಮೊದಲೇ ತೋಚಬಹುದಾಗಿದ್ದ ಉಪಾಯ, ಖರ್ಚೂ ಹೆಚ್ಚಲ್ಲ. ಆ ಹೆಣ್ಣುಮಗಳ ತಲೆನೋವು ಮತ್ತೆ ಬರಲಿಲ್ಲ.

ಗುಬ್ಬಿಯ ಆ ಹುಡುಗನನ್ನು ಮತ್ತೆ ಕರೆಸಿದೆ. ಎರಡನೆಯವನನ್ನು ಕರೆಸಿದ್ದ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಅವನು ನಕ್ಕು, "ಎಲ್ಲಾರೂ ಕರೆಸ್ತಾರೆ ಸಾರ್. ನೀವು ಹೇಳಿದ್ರಿ, ಅಷ್ಟೆ ವ್ಯತ್ಯಾಸ" ಎಂದ. ತಾನು ಬೇಡವೆಂದ ಮನೆಗಳಲ್ಲಿ ಎಷ್ಟು ಕಡೆ ಮತ್ತೆ ಉರಿ ಹೊತ್ತಿಕೊಂಡಿದೆಯೋ ಎಂಬ ಚಿಂತೆ ಅವನಿಗೆ ರಾತ್ರಿ ಬರುವುದುಂಟಂತೆ. ತನ್ನ ಕೂಲಿಯನ್ನು ಕಳೆದುಕೊಂಡು, ನಮ್ಮ ಮುನಿಸನ್ನು ಕಟ್ಟಿಕೊಂಡು, "ಇದು ಬೇಡ" ಎಂದು ಹೇಳುವವನಿಗೆ ನಾವು ಕೊಡಬಹುದಾದ ಸಂಭಾವನೆ ಒಂದೇ: ಅವನ ಮಾತನ್ನು ಒಪ್ಪುವುದು.

ಇಂದು ಮನೆಗೆ ಹೋದ ಕೂಡಲೇ ನಿಮ್ಮ ಬಚ್ಚಲಿನ ಕಿಂಡಿಯನ್ನು ಒಮ್ಮೆ ಕತ್ತೆತ್ತಿ ನೋಡಿರಿ. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ, ಆ ಬಚ್ಚಲಿನದನ್ನು ಮೊದಲು ನೋಡಿರಿ.